ಪಡುವಣ ಕರೆಯ ಇಸ್ಲಾಂ ಧರ್ಮ

ಭಟ್ಕಳದಲ್ಲಿ ಸೂರ್ಯನು ಕಡಲಿಗಿಳಿದೊಡನೆ ಮಸೀದಿಗಳಿಂದ ಬಾಂಗು ಕೇಳಿಬರುತ್ತದೆ. ಹೊನ್ನಾವರದಲ್ಲಿಯೂ ಕುಮಟೆಯಲ್ಲಿಯೂ ಹಾಗೆಯೇ. ಈ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಆ ಧ್ವನಿ ಕಡಲಿನ ಮೊರೆತದಷ್ಟೇ ಪರಿಚಿತವಾದುದು. ಆದರೆ ಅದರ ಅರ್ಥವೇನೆಂದು ಕೇಳಿದರೆ, ಅನ್ಯಮತದವರಲ್ಲಿ ಹೇಳಬಲ್ಲವರು ವಿರಳ. ನೆರೆಯವನ ಹಿತ್ತಿಲಿನ ಎಲ್ಲೆಯನ್ನು ಗೇಣಷ್ಟೂ ತಪ್ಪದೆ ಬಲ್ಲ ನಾವು ಅವನ ನಂಬಿಕೆಯನ್ನು ಮಾತ್ರ ತಿಳಿಯದೆ ಉಳಿದಿದ್ದೇವೆ. ಈ ಕೊರತೆಯನ್ನು ಕಿಂಚಿತ್ತಾದರೂ ತುಂಬಿಕೊಳ್ಳುವುದೇ ಇಂದಿನ ನಮ್ಮ ಪ್ರಯತ್ನ.

ಇಸ್ಲಾಂ ಧರ್ಮವು ಈ ಕರಾವಳಿಗೆ ಘಟ್ಟವಿಳಿದು ಬಂದುದಲ್ಲ. ಕಡಲ ದಾರಿಯಿಂದ ಬಂದುದು. ಅರಬ್ಬೀ ಮತ್ತು ಪಾರಸಿ ದೇಶಗಳ ವರ್ತಕರು ಮಳೆಗಾಲದ ಗಾಳಿಯ ಗತಿಯನ್ನು ಅರಿತು ಹಡಗು ನಡೆಸುತ್ತಿದ್ದರು. ಗಾಳಿ ತಿರುಗುವವರೆಗೆ ಅವರು ತಿಂಗಳುಗಟ್ಟಲೆ ಇಲ್ಲಿಯೇ ತಂಗಬೇಕಾಗಿತ್ತು. ತಂಗಿದವರಲ್ಲಿ ಕೆಲವರು ಮನೆಮಾಡಿದರು. ಈ ನೆಲದ ಹೆಣ್ಣುಮಕ್ಕಳನ್ನು ವರಿಸಿ ಇಲ್ಲಿಯವರೇ ಆದರು. ಇವರ ಸಂತತಿಯೇ ನವಾಯತರೆಂದು ಪರಂಪರೆಯು ಹೇಳುತ್ತದೆ. ಆ ಹೆಸರಿಗೆ ‘ಹೊಸದಾಗಿ ಬಂದವರು’ ಎಂದು ಕೆಲವರು ಅರ್ಥ ಹೇಳಿದರೆ, ಹಡಗಿನ ಮಾತಿನಿಂದ ಹುಟ್ಟಿದುದೆಂದು ಮತ್ತೆ ಕೆಲವರ ಅಭಿಪ್ರಾಯ. ಅವರ ಮನೆಮಾತು ಕೊಂಕಣಿಯ ಬುಡದ್ದು. ಅರಬ್ಬೀ ಪಾರಸಿ ಶಬ್ದಗಳನ್ನು ಕೂಡಿಸಿಕೊಂಡು ಅರಬ್ಬೀ-ಪಾರಸಿ ಲಿಪಿಯಲ್ಲಿ ಬರೆಯಲ್ಪಡುತ್ತದೆ. ಎರಡು ತೀರಗಳ ಸಂಬಂಧಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರವು ಹೇಗಿತ್ತೆಂಬುದಕ್ಕೆ ಕಣ್ಣಾರೆ ಕಂಡವನೊಬ್ಬನ ಬರಹವುಂಟು. ಮೊರಾಕೊ ದೇಶದ ಇಬ್ನ್ ಬತೂತನು 1342ರಲ್ಲಿ ದೆಹಲಿಯ ಸುಲ್ತಾನ ಮಹಮ್ಮದ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟು, ದಾರಿಯಲ್ಲಿ ಇಲ್ಲಿಗೆ ಬಂದನು. ಆಗ ಇಲ್ಲಿ ಜಮಾಲುದ್ದೀನನೆಂಬ ಸುಲ್ತಾನನಿದ್ದನು. ಅವನು ಸ್ವತಂತ್ರನಲ್ಲ, ಹಿಂದೂ ಅರಸನೊಬ್ಬನ ಸಾಮಂತ. ಊರಿನ ಜನರು ಷಾಫಿ ಪಂಥದವರು, ಕಡಲ ವ್ಯಾಪಾರದಿಂದ ಜೀವಿಸುವವರು ಎಂದು ಯಾತ್ರಿಕನು ಹೇಳುತ್ತಾನೆ. ಸ್ತ್ರೀಯರು ಹೊಲಿಗೆಯಿಲ್ಲದ ವಸ್ತ್ರವನ್ನುಟ್ಟು ಅದರ ಸೆರಗನ್ನೇ ತಲೆಗೆ ಹೊದೆಯುತ್ತಿದ್ದರಂತೆ, ಮೂಗಿಗೆ ಚಿನ್ನದ ನತ್ತನ್ನಿಡುತ್ತಿದ್ದರಂತೆ. ಅವರೆಲ್ಲರಿಗೂ ಖುರಾನು ಬಾಯಿಪಾಠವಾಗಿದ್ದಿತು. ಬಾಲಕರಿಗೆ 23 ಪಾಠಶಾಲೆಗಳೂ ಬಾಲಕಿಯರಿಗೆ 13 ಪಾಠಶಾಲೆಗಳೂ ಆ ಊರೊಂದರಲ್ಲೇ ಇದ್ದುವೆಂದು ಅವನು ಬರೆದಿದ್ದಾನೆ. ಸುಲ್ತಾನನ ಮನೆಯಲ್ಲಿ ಅವನಿಗೆ ಬಡಿಸಿದುದು ಅನ್ನ, ತುಪ್ಪ, ಮೆಣಸು ಶುಂಠಿ ಮಾವು ನಿಂಬೆಗಳ ಉಪ್ಪಿನಕಾಯಿ. ಊಟದ ಮುಕ್ತಾಯಕ್ಕೆ ಮೊಸರು. ಸೀರೆ, ಮೂಗುತಿ, ಮೊಸರನ್ನ ಇವೆಲ್ಲ ನಮ್ಮವಲ್ಲವೆ? ದೇವರ ವಿಷಯದಲ್ಲಿ ಹೊಸ ಮಾತನ್ನು ನಂಬಿದವರು ಬದುಕಿನ ರೀತಿಯಲ್ಲಿ ಈ ನೆಲವನ್ನು ಬಿಡಲಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಮುಂದೆ ವಿಜಯನಗರದ ಕಾಲದಲ್ಲಿ ಭಟ್ಕಳವು ಹೆಸರಾದ ರೇವಾಯಿತು. ಅರಬ್ಬೀ ಕುದುರೆಗಳು ಇಲ್ಲಿ ಇಳಿದು ರಾಜಧಾನಿಗೆ ಹೋಗುತ್ತಿದ್ದುವು. ಅಕ್ಕಿ, ಸಕ್ಕರೆ, ಕಬ್ಬಿಣ, ಸಂಬಾರ ಪದಾರ್ಥಗಳು ಹಡಗೇರುತ್ತಿದ್ದುವು. 1502ರಲ್ಲಿ ವಾಸ್ಕೋ ಡ ಗಾಮನು ತನ್ನ ಎರಡನೆಯ ಯಾನದಲ್ಲಿ ಈ ರೇವಿನ ಮೇಲೆ ಬಿದ್ದು ಅಕ್ಕಿಯ ಕಪ್ಪವನ್ನು ವಿಧಿಸಿದನು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿ, ಪೋರ್ತುಗೀಸರಿಂದ ಮೆಣಸಿನ ರಾಣಿಯೆನಿಸಿಕೊಂಡ ಚೆನ್ನಭೈರಾದೇವಿಯು ಜೈನಳು. ಚಂದ್ರನಾಥನ ಬಸದಿ, ಕೇತಪೈ ನಾರಾಯಣನ ಗುಡಿ, ಚಿನ್ನದ ಪಳ್ಳಿಯೆಂದು ಜನ ಕರೆಯುವ ಜಾಮಿಯಾ ಮಸೀದಿ ಇವು ಒಂದೇ ಭಟ್ಕಳದಲ್ಲಿರುವುದು ಆ ಕಾಲದ ವರ್ತಕರೂ ಅರಸರೂ ಕಲಿತಿದ್ದ ಸಹವಾಸದ ಗುರುತು.

ಇನ್ನು ಈ ಜನರ ನಂಬಿಕೆಯ ವಿಚಾರ. ಇಸ್ಲಾಂ ಎಂಬ ಮಾತಿಗೆ ದೇವರಿಗೆ ಶರಣಾಗುವುದೆಂದು ಅರ್ಥ. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಸಮಾನರಿಲ್ಲ, ಮಕ್ಕಳಿಲ್ಲ. ಇದೇ ಆ ಧರ್ಮದ ಮೂಲ. ಇದರೊಡನೆ ದೇವದೂತರು, ದೈವದತ್ತವಾದ ಗ್ರಂಥಗಳು, ಪ್ರವಾದಿಗಳು, ಅಂತ್ಯದಿನದ ತೀರ್ಪು, ದೈವಸಂಕಲ್ಪ ಇವುಗಳಲ್ಲಿಯೂ ಶ್ರದ್ಧೆಯಿರತಕ್ಕದ್ದು. ಇಬ್ರಾಹಿಂ, ಮೂಸಾ, ಈಸಾ ಮೊದಲಾದವರೆಲ್ಲರೂ ಪ್ರವಾದಿಗಳೇ. ಕಡೆಯವರು ಮಹಮ್ಮದ್ ಪೈಗಂಬರರು. ಅವರು ಸುಮಾರು 570ರಲ್ಲಿ ಮಕ್ಕೆಯಲ್ಲಿ ಹುಟ್ಟಿ, 622ರಲ್ಲಿ ಮದೀನಕ್ಕೆ ಹೋಗಿ, 632ರಲ್ಲಿ ಅಲ್ಲಿಯೇ ಕಾಲವಾದರು. ಮದೀನಕ್ಕೆ ಹೋದ ವರ್ಷದಿಂದಲೇ ಹಿಜರಿ ಶಕೆಯು ಮೊದಲಾಗುತ್ತದೆ. ಪೈಗಂಬರರು ಮನುಷ್ಯರು; ಗೌರವಕ್ಕೆ ಪಾತ್ರರೇ ಹೊರತು ಪೂಜೆಗೆ ಅಲ್ಲ. ಅವರಿಗೆ ಪ್ರಕಟವಾದ ದೇವವಾಣಿಯೆಂದು ಮುಸಲ್ಮಾನರು ನಂಬುವ ಖುರಾನಿನಲ್ಲಿ 114 ಅಧ್ಯಾಯಗಳಿವೆ.

ಆಚರಣೆಯ ಕಂಬಗಳು ಐದು. ಮೊದಲನೆಯದು ಕಲಿಮಾ, ಎಂದರೆ ದೇವರೊಬ್ಬನೇ, ಮಹಮ್ಮದರು ಅವನ ದೂತರು ಎಂದು ಸಾಕ್ಷಿ ನುಡಿಯುವುದು. ಎರಡನೆಯದು ನಮಾಜು. ಬೆಳಗಿನ ಜಾವ, ಮಧ್ಯಾಹ್ನ, ಇಳಿಹೊತ್ತು, ಸೂರ್ಯಾಸ್ತ, ರಾತ್ರಿ, ಹೀಗೆ ದಿನಕ್ಕೆ ಐದು ಹೊತ್ತು. ಬಾಂಗು ಇದಕ್ಕೆ ಕರೆ: ದೇವರು ಎಲ್ಲಕ್ಕೂ ದೊಡ್ಡವನು, ಪ್ರಾರ್ಥನೆಗೆ ಬನ್ನಿರಿ, ಶ್ರೇಯಸ್ಸಿಗೆ ಬನ್ನಿರಿ ಎಂಬುದು ಅದರ ಸಾರ. ಬೆಳಗಿನ ಬಾಂಗಿನಲ್ಲಿ ಮಾತ್ರ, ನಿದ್ರೆಗಿಂತ ಪ್ರಾರ್ಥನೆ ಮೇಲೆಂಬ ಮಾತೊಂದು ಹೆಚ್ಚು. ಮುಖ, ಮೊಣಕೈಯವರೆಗೆ ಕೈ, ಪಾದಗಳನ್ನು ತೊಳೆದು, ತಲೆಯನ್ನು ಒದ್ದೆಗೈಯಿಂದ ಸವರಿ, ಮಕ್ಕೆಯ ಕಡೆಗೆ ಮುಖಮಾಡಿ ನಿಲ್ಲುತ್ತಾರೆ. ಭಟ್ಕಳದಿಂದ ಮಕ್ಕೆಯು ಪಶ್ಚಿಮಕ್ಕೆ ತುಸು ಉತ್ತರವಾಗಿದೆ; ಆದುದರಿಂದ ಇಲ್ಲಿ ನಮಾಜಿಗೆ ನಿಂತವರ ಮುಂದಿರುವುದು ಪೂರ್ವಜರು ದಾಟಿಬಂದ ಕಡಲೇ. ಸಾಲಿನಲ್ಲಿ ಸಾಹುಕಾರನಿಗೆ ಬೇರೆ ಜಾಗವಿಲ್ಲ, ಕೂಲಿಯವನಿಗೆ ಬೇರೆ ಜಾಗವಿಲ್ಲ. ಮೊದಲು ಬಂದವರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ.

ಮೂರನೆಯದು ಜಕಾತು. ಸುಮಾರು ಏಳೂವರೆ ತೊಲ ಚಿನ್ನದ ಬೆಲೆಯಷ್ಟು ಧನವು ವರ್ಷಪೂರ್ತಿ ಉಳಿದವನು ಅದರ ನಲವತ್ತನೆಯ ಒಂದು ಪಾಲನ್ನು ಬಡವರೇ ಮೊದಲಾದ ಅರ್ಹರಿಗೆ ಕೊಡಬೇಕು. ಇದು ದಾನಿಯ ಔದಾರ್ಯವಲ್ಲ, ಬಡವನ ಹಕ್ಕು. ನಾಲ್ಕನೆಯದು ರಂಜಾನಿನ ಉಪವಾಸ. ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ರೋಗಿಗಳಿಗೂ ಪ್ರಯಾಣಿಕರಿಗೂ ವಿನಾಯಿತಿಯುಂಟು. ತಪ್ಪಿದ ದಿನಗಳನ್ನು ಮುಂದೆ ತುಂಬಿಕೊಡುತ್ತಾರೆ. ಚಾಂದ್ರವರ್ಷವು ಸುಮಾರು 354 ದಿನಗಳದ್ದಾದುದರಿಂದ ರಂಜಾನು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿದು, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಮಳೆಗಾಲದ ಮೋಡದಲ್ಲಿ ಚಂದ್ರನು ಕಾಣದಿದ್ದರೆ ತಿಂಗಳನ್ನು ಮೂವತ್ತು ದಿನಗಳೆಂದು ಪೂರೈಸುತ್ತಾರೆ. ಐದನೆಯದು ಹಜ್ಜು, ಶಕ್ತಿಯುಳ್ಳವನು ಜೀವಮಾನದಲ್ಲಿ ಒಮ್ಮೆ ಮಾಡತಕ್ಕ ಮಕ್ಕೆಯ ಯಾತ್ರೆ. 1995ರವರೆಗೆ ಮುಂಬಯಿಯಿಂದ ಯಾತ್ರಿಕರ ಹಡಗು ಹೋಗುತ್ತಿತ್ತು. ಈಗ ವಿಮಾನವೇ ದಾರಿ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಸುನ್ನಿಗಳಲ್ಲಿ ಹನಫಿ, ಮಾಲಿಕಿ, ಷಾಫಿ, ಹಂಬಲಿ ಎಂದು ನಾಲ್ಕು ಧರ್ಮಶಾಸ್ತ್ರ ಪಂಥಗಳಿವೆ. ಘಟ್ಟದ ಮೇಲಿನ ಮುಸಲ್ಮಾನರು ಬಹುಮಟ್ಟಿಗೆ ಹನಫಿಗಳು. ನವಾಯತರು ಇಬ್ನ್ ಬತೂತನು ಕಂಡಂದಿನಂತೆಯೇ ಇಂದಿಗೂ ಷಾಫಿಗಳು. ಮೂಲತತ್ತ್ವದಲ್ಲಿ ಭೇದವಿಲ್ಲ, ವಿವರಗಳಲ್ಲಿ ಉಂಟು. ವಸ್ತುವಿನ ನೆರಳು, ನಡುಹಗಲಿನಲ್ಲಿದ್ದುದನ್ನು ಬಿಟ್ಟು, ಅದರ ಉದ್ದಕ್ಕೆ ಸಮನಾದೊಡನೆ ಷಾಫಿಗಳಿಗೆ ಇಳಿಹೊತ್ತಿನ ನಮಾಜು ಮೊದಲಾಗುತ್ತದೆ. ಹನಫಿಗಳಲ್ಲಿ ರೂಢಿಯ ಮತದಂತೆ ನೆರಳು ಇಮ್ಮಡಿಯಾಗಬೇಕು. ರಂಜಾನ್ ಹಬ್ಬದ ನಮಾಜಿಗೆ ಮುನ್ನ ಬಡವರಿಗೆ ಕೊಡುವ ಫಿತರ್ ದಾನವನ್ನು ಹನಫಿಗಳು ಹಣವಾಗಿಯೂ ಕೊಡಬಹುದು. ಷಾಫಿ ಶಾಸ್ತ್ರವು ಊರಿನ ಮುಖ್ಯ ಧಾನ್ಯವನ್ನೇ ಕೊಡಬೇಕೆನ್ನುತ್ತದೆ. ನಮ್ಮ ಕರಾವಳಿಯ ಮುಖ್ಯ ಧಾನ್ಯ ಅಕ್ಕಿ. ಅರಬ್ಬೀ ದೇಶದಲ್ಲಿ ಖರ್ಜೂರ, ಜವೆಗೋಧಿಗಳಿಂದ ಅಳೆದ ಧರ್ಮವನ್ನು ಇಲ್ಲಿ ನಮ್ಮ ಗದ್ದೆಯ ಅಕ್ಕಿಯಿಂದ ಅಳೆಯುತ್ತಾರೆ. ಹಬ್ಬದ ದಿನ ಯಾರೂ ಹಸಿದಿರಬಾರದೆಂಬುದೇ ಇದರ ಆಶಯ.

ನೆರೆಹೊರೆಯ ಬಾಳು ಯಾವಾಗಲೂ ಸುಗಮವಾಗಿತ್ತೆಂದು ನಾವು ಹೇಳಲಾರೆವು. 1993ರಲ್ಲಿ ಭಟ್ಕಳದಲ್ಲಿ ಕೋಮುಗಲಭೆಗಳು ತಿಂಗಳುಗಟ್ಟಲೆ ನಡೆದು ಪ್ರಾಣಗಳು ಹೋದುವು. ಅಜ್ಞಾನವೊಂದೇ ಅದಕ್ಕೆ ಕಾರಣವೆಂದರೆ ಅದು ಸರಳವಾದ ಮಾತಾದೀತು. ಆದರೆ ಅರಿಯದವನ ವಿಷಯದಲ್ಲಿ ಕೇಳಿದುದನ್ನೆಲ್ಲ ನಂಬುವುದು ಸುಲಭವೆಂಬುದು ನಿಜ. ಇದಕ್ಕೆ ಪ್ರತಿಯಾದ ಸಂಗತಿಗಳೂ ಅದೇ ಊರಿನಲ್ಲಿ ಉಂಟು. 1919ರಲ್ಲಿ ಸ್ಥಾಪಿತವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯು ಶಾಲೆ ಕಾಲೇಜುಗಳನ್ನು ನಡೆಸುತ್ತ ಬಂದಿದೆ. ಚನ್ನಪಟ್ಟಣ ಹನುಮಂತದೇವರ ರಥೋತ್ಸವಕ್ಕೆ ಮುನ್ನ ದೇವಸ್ಥಾನದವರು ಮುಸಲ್ಮಾನ ಮನೆತನಕ್ಕೆ ಹೋಗಿ ಆಮಂತ್ರಣ ಕೊಡುವ ಸಂಪ್ರದಾಯವೂ ಇದೆ. ಕರೆಯಲು ಹೋದವನು ಬಾಗಿಲನ್ನು ದಾಟುತ್ತಾನೆ. ದಾಟಿದವನಿಗೆ ಒಳಗಿನ ಮನುಷ್ಯರು ಕಾಣುತ್ತಾರೆ.

ಇಷ್ಟರಿಂದ ಒಂದು ಧರ್ಮವನ್ನು ತಿಳಿದಂತಾಯಿತೆಂದು ನಾವು ಭಾವಿಸುವುದಿಲ್ಲ. ನೆರೆಯವರ ನಂಬಿಕೆಯನ್ನು ತಿಳಿಯುವುದಕ್ಕೆ ನಮ್ಮ ನಂಬಿಕೆಯನ್ನು ಬಿಡಬೇಕಾಗಿಯೂ ಇಲ್ಲ. ನಾಳೆಯ ಸಂಜೆ ಬಾಂಗು ಕೇಳಿದಾಗ, ಅದು ಯಾರನ್ನು ಯಾವುದಕ್ಕೆ ಕರೆಯುತ್ತಿದೆಯೆಂಬುದು ಮನಸ್ಸಿಗೆ ಬಂದರೆ, ಈ ಮಾತುಗಳನ್ನಾಡಿದುದು ಸಾರ್ಥಕ.