ಮಲೇರಿಯಾದ ಪಾಠಾಂತರಗಳು

ಓಲೆಗರಿಗಳನ್ನು ತಾಳೆ ನೋಡುವುದರಲ್ಲೇ ಅರ್ಧ ಆಯುಷ್ಯ ಕಳೆದ ಕನ್ನಡ ಮೇಷ್ಟರಿಗೆ ಮಲೇರಿಯಾದ ಮಾತೇಕೆ ಎಂದು ನೀವು ಕೇಳಬಹುದು. ಕಾರಣವುಂಟು. ಎರಡು ಪ್ರತಿಗಳು ಒಂದೇ ಮೂಲದಿಂದ ಇಳಿದವೆಂದು ಗ್ರಂಥಸಂಪಾದಕನು ಅರಿಯುವುದು ಅವುಗಳ ಶುದ್ಧಪಾಠಗಳಿಂದಲ್ಲ, ಅವೆರಡಕ್ಕೂ ಸಮಾನವಾದ ತಪ್ಪುಗಳಿಂದ. ರೋಗಾಣುಗಳ ವಂಶಾವಳಿಯನ್ನು ಬಿಡಿಸಿದ ವಿಜ್ಞಾನಿಗಳು ಹಿಡಿದದ್ದೂ ಇಂಥದೇ ದಾರಿ.

ಕ್ಲೋರೋಕ್ವಿನ್ 1934ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಔಷಧ. ಎರಡನೆಯ ಮಹಾಯುದ್ಧದ ಬಳಿಕ ಅದು ಬಡವರ ಕೈಗೂ ಎಟುಕುವ ಮದ್ದಾಗಿ ಲೋಕವನ್ನೆಲ್ಲ ವ್ಯಾಪಿಸಿತು. ಆದರೆ 1950ರ ದಶಕದ ಕೊನೆಗೆ ಥಾಯ್ಲೆಂಡ್ ಮತ್ತು ಕಾಂಬೋಡಿಯಾಗಳ ಗಡಿಯಲ್ಲಿಯೂ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿಯೂ ಅದಕ್ಕೆ ಮಣಿಯದ ಮಲೇರಿಯಾ ತಲೆಯೆತ್ತಿತು. 1973ರಲ್ಲಿ ನಮ್ಮ ಅಸ್ಸಾಮಿನಿಂದ, ಅದೇ ದಶಕದ ಕೊನೆಗೆ ಪೂರ್ವ ಆಫ್ರಿಕದಿಂದ ಅದೇ ವಾರ್ತೆ ಬಂದಿತು. ಆಫ್ರಿಕದಲ್ಲಿ ಮದ್ದಿನ ಸೋಲಿಗೆ ಬೆಲೆ ತೆತ್ತವರಲ್ಲಿ ಎಳೆಯ ಮಕ್ಕಳೇ ಹೆಚ್ಚು.

ಈ ಹಟಮಾರಿ ತಳಿ ನಾಡುನಾಡಿನಲ್ಲಿಯೂ ಹೊಸದಾಗಿ ಹುಟ್ಟಿತೆ, ಇಲ್ಲವೆ ಒಂದೆಡೆ ಹುಟ್ಟಿ ಪಯಣ ಹೊರಟಿತೆ? ಸೂಕ್ಷ್ಮದರ್ಶಕ ಇದಕ್ಕೆ ಉತ್ತರ ಹೇಳಲಾರದು. ಮದ್ದಿಗೆ ಮಣಿಯುವ ತಳಿಯೂ ಮಣಿಯದ ತಳಿಯೂ ಅಲ್ಲಿ ಒಂದೇ ರೂಪ.

ಸುಳಿವು ದೊರೆತದ್ದು 2000ದಲ್ಲಿ. ಪರೋಪಜೀವಿಯ ಒಂದು ಜೀನು ರೂಪಿಸುವ ಪ್ರೋಟೀನಿನ 76ನೆಯ ಸ್ಥಾನದಲ್ಲಿ ಲೈಸೀನ್ ಹೋಗಿ ಥ್ರಿಯೊನೀನ್ ಕುಳಿತಿತ್ತು. ಆದರೆ ಕಠಿನ ಪದವೊಂದರಲ್ಲಿ ಇಬ್ಬರು ಲಿಪಿಕಾರರು ಬೇರೆಬೇರೆಯಾಗಿಯೂ ಎಡವಬಹುದಲ್ಲವೆ? ಆದುದರಿಂದ ತಪ್ಪಿನ ಅಕ್ಕಪಕ್ಕದ ಸಾಲುಗಳನ್ನೂ ನೋಡಬೇಕು. ಆ ಜೀನಿನ ಆಚೀಚೆ ಎರಡು ಮೂರು ಅಕ್ಷರಗಳು ಮತ್ತೆ ಮತ್ತೆ ಆವರ್ತಿಸುವ ತುಣುಕುಗಳಿವೆ. ಇವಕ್ಕೆ ಮೈಕ್ರೊಸ್ಯಾಟಲೈಟ್ ಎಂದು ಹೆಸರು. ಆವರ್ತನದ ಎಣಿಕೆ ತಳಿಯಿಂದ ತಳಿಗೆ ಭಿನ್ನ. ದೂರದ ಎರಡು ನಾಡುಗಳ ರೋಗಾಣುಗಳಲ್ಲಿ ತಪ್ಪಿನೊಡನೆ ಸುತ್ತಲಿನ ಎಣಿಕೆಗಳೂ ಒಂದಾದರೆ ಅವು ಒಂದೇ ಮಾತೃಕೆಯ ಪ್ರತಿಗಳು. 2002ರಲ್ಲಿ ಹೀಗೆ ತಾಳೆ ನೋಡಿದಾಗ, ಈ ಪ್ರತಿರೋಧ ಲೋಕದ ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ ಹುಟ್ಟಿದ್ದೆಂದೂ ಆಫ್ರಿಕವನ್ನು ಕಾಡಿದ ತಳಿ ಏಷ್ಯಾದಿಂದ ಹೋದದ್ದೆಂದೂ ತಿಳಿಯಿತು.

ಅಳಿದ ಪಾಠ ಮರಳಿದ್ದೂ ಉಂಟು. ಆಫ್ರಿಕದ ಮಲಾವಿ 1993ರಲ್ಲಿ ಕ್ಲೋರೋಕ್ವಿನ್ನನ್ನು ಕೈಬಿಟ್ಟಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ತಪ್ಪಿನ ತಳಿ ಕ್ಷೀಣಿಸಿ, ಮದ್ದಿಗೆ ಮಣಿಯುವ ಹಳೆಯ ತಳಿಯೇ ಮತ್ತೆ ಹರಡಿತು.

ಈಗಿನ ಆಸರೆಯಾದ ಆರ್ಟಿಮಿಸಿನಿನ್‌ಗೂ ಪ್ರತಿರೋಧ ಮೊದಲು ಕಂಡದ್ದು ಕಾಂಬೋಡಿಯಾದಲ್ಲಿಯೇ. ಅದು ಹಳೆಯ ದಾರಿಯಲ್ಲಿಯೇ ಆಫ್ರಿಕಕ್ಕೆ ನಡೆದೀತೆಂದು ಹಲವರು ಅಂಜಿದ್ದರು. ಆದರೆ 2020ರಲ್ಲಿ ರುವಾಂಡದ ತಳಿಯನ್ನು ಓದಿದವರು ಕಂಡದ್ದು ಬೇರೆ. ಪ್ರತಿರೋಧದ ತಪ್ಪು ಅಲ್ಲಿತ್ತು. ಸುತ್ತಲಿನ ಸಾಲುಗಳು ಮಾತ್ರ ಏಷ್ಯಾದವಲ್ಲ. ಅದು ಆಫ್ರಿಕದಲ್ಲಿಯೇ ಹುಟ್ಟಿತ್ತು.

ನಮ್ಮ ಗ್ರಂಥಸಂಪಾದನೆಯಲ್ಲಿ ಮೂಲ ತಪ್ಪಾಗಿ ತಿಳಿದರೆ ಕೆಡುವುದು ಒಂದು ಪದ್ಯ. ಇಲ್ಲಿ ಕಾವಲು ಗಡಿಯಲ್ಲಿ ಸಾಕೆ, ಮನೆಯೊಳಗೂ ಬೇಕೆ ಎಂಬುದೇ ಆ ತಿಳಿವಿನ ಮೇಲೆ ನಿಂತಿದೆ. ಎಷ್ಟೋ ಮಕ್ಕಳ ಪ್ರಾಣವೂ.