ಎಲ್ಫಿನ್‌ಸ್ಟನ್ ಮನೆತನವೂ ಕನ್ನಡ ಸೀಮೆಯ ದತ್ತಕದ ಪ್ರಶ್ನೆಯೂ

ಹತ್ತೊಂಬತ್ತನೆಯ ಶತಮಾನದ ಧಾರವಾಡ, ಬೆಳಗಾವಿ ಸೀಮೆಗಳ ಇತಿಹಾಸವನ್ನು ಬರೆಯಹೊರಟವರಿಗೆ ಪುಣೆಯನ್ನು ಬಿಟ್ಟು ಗತಿಯಿಲ್ಲ. ಪೇಶ್ವೆಯ ಪತನಾನಂತರ ಈ ಭಾಗವು ಮೊದಲು ಪುಣೆಯಲ್ಲಿದ್ದ ದಖ್ಖನಿನ ಕಮಿಷನರನ ಅಧೀನದಲ್ಲಿದ್ದು, ಬಳಿಕ ನೇರವಾಗಿ ಮುಂಬಯಿ ಸರ್ಕಾರದ ಕೈ ಸೇರಿತು. ಈ ಕಾಲದ ಕಡತಗಳಲ್ಲಿ ಎಲ್ಫಿನ್‌ಸ್ಟನ್ ಎಂಬ ಹೆಸರಿನ ಗವರ್ನರರು ಇಬ್ಬರು ಬರುತ್ತಾರೆ. ಅವರನ್ನು ಒಬ್ಬನೆಂದೇ ಎಣಿಸಿದ ಬರಹಗಳು ನಮ್ಮಲ್ಲಿ ವಿರಳವಲ್ಲ. ಮೊದಲನೆಯವನು ಮೌಂಟ್‌ಸ್ಟುವರ್ಟ್, ಎರಡನೆಯವನು ಆತನ ಅಣ್ಣನ ಮಗ, 13ನೆಯ ಲಾರ್ಡ್ ಎಲ್ಫಿನ್‌ಸ್ಟನ್ ಆದ ಜಾನ್. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಚಿಕ್ಕಪ್ಪನ ಸ್ಮಾರಕ. 2018ರಲ್ಲಿ ಪ್ರಭಾದೇವಿ ಎಂದು ಮರುನಾಮಕರಣಗೊಂಡ ರೈಲು ನಿಲ್ದಾಣ ಹೊತ್ತಿದ್ದುದು ಮಗನ ಹೆಸರನ್ನು. ಕಡತಗಳಲ್ಲಿ ಇವರನ್ನು ಗುರುತಿಸಲು ಬಿರುದೇ ಸಾಕು. ಚಿಕ್ಕಪ್ಪ ಕುಲೀನನ ಕಿರಿಯ ಮಗನಾದುದರಿಂದ ಕೇವಲ ‘ಆನರಬಲ್’. ‘ಲಾರ್ಡ್’ ಎಂದಿದ್ದರೆ ಅವನು ಜಾನ್.

ಎಲ್ಫಿನ್‌ಸ್ಟನ್ನರದು ಹದಿನಾರನೆಯ ಶತಮಾನದ ಆರಂಭದಿಂದ ವಂಶಪಾರಂಪರ್ಯವಾಗಿ ಬಂದ ಸ್ಕಾಟ್‌ಲೆಂಡಿನ ಪದವಿ. 11ನೆಯ ಲಾರ್ಡನ ನಾಲ್ಕನೆಯ ಮಗನಾಗಿ 1779ರಲ್ಲಿ ಹುಟ್ಟಿದ ಮೌಂಟ್‌ಸ್ಟುವರ್ಟ್‌ಗೆ ಅದು ದಕ್ಕುವ ಸಂಭವವಿರಲಿಲ್ಲ. ಇಂಥ ಮನೆತನಗಳ ಕಿರಿಯ ಮಕ್ಕಳಿಗೆ ಕಂಪನಿಯ ಚಾಕರಿಯೇ ಜೀವನಮಾರ್ಗ. 1811ರಲ್ಲಿ ಪುಣೆಯ ರೆಸಿಡೆಂಟನಾದ ಈತ 1817ರ ಜೂನ್ ತಿಂಗಳ ಒಪ್ಪಂದದಲ್ಲಿ ಧಾರವಾಡ ಮತ್ತು ಕುಸುಗಲ್ಲನ್ನು ಪೇಶ್ವೆಯಿಂದ ಬಿಡಿಸಿಕೊಂಡನು. ಅದೇ ವರ್ಷ ನವೆಂಬರ್ 5ರಂದು ಖಡಕಿಯ ಯುದ್ಧ ನಡೆದಾಗ ಮುಳಾ-ಮುಠಾ ಸಂಗಮದಲ್ಲಿದ್ದ ರೆಸಿಡೆನ್ಸಿ ಸುಟ್ಟುಹೋಯಿತು. ಅದರೊಡನೆ ಆತನ ಪುಸ್ತಕ ಭಂಡಾರವೂ. 1819ರಿಂದ 1827ರವರೆಗೆ ಆತ ಮುಂಬಯಿಯ ಗವರ್ನರನಾಗಿದ್ದನು.

ಕಿತ್ತೂರಿನ ಪ್ರಕರಣ ಈ ಅವಧಿಯದು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತಕ ಪಡೆದುದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಶಯಿಸಿ ಮಾನ್ಯಮಾಡಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲಿ ಹತನಾದನು. ಕಮಿಷನರ್ ಚಾಪ್ಲಿನ್ ತಾನೇ ಬಂದು ನಿಂತ ಮೇಲೆ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಈ ಕಾಳಗದಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋನ ಸಂಬಂಧಿಯೊಬ್ಬನೂ ಮಡಿದನು. ಥ್ಯಾಕರೆಯಂತೂ ಪ್ರಸಿದ್ಧ ಕಾದಂಬರಿಕಾರನ ಚಿಕ್ಕಪ್ಪ. ಕಂಪನಿ ಸರ್ಕಾರವೂ ಒಂದು ಬಗೆಯ ನೆಂಟರಿಷ್ಟರ ಸಂಸಾರವೇ ಆಗಿತ್ತು.

ಆ ವರ್ಷ ಎಲ್ಫಿನ್‌ಸ್ಟನ್ ಮನೆತನದ ಯಜಮಾನನಾಗಿದ್ದವನು ಹದಿನೇಳು ವಯಸ್ಸಿನ ಜಾನ್. 1813ರಲ್ಲಿ ತಂದೆ ಸತ್ತಾಗ ಐದಾರು ವರ್ಷದ ಹಸುಳೆಗೆ ಲಾರ್ಡ್ ಪದವಿ ತಾನಾಗಿ ಬಂದಿತ್ತು. ಯಾವ ಕಲೆಕ್ಟರನ ಪರಿಶೀಲನೆಯೂ ಅದಕ್ಕೆ ಬೇಕಾಗಿರಲಿಲ್ಲ. ಆ ದೇಶದ ಪದವಿ ರಕ್ತಸಂಬಂಧವನ್ನಷ್ಟೇ ಬಲ್ಲದು, ದತ್ತಪುತ್ರನಿಗೆ ಅದರಲ್ಲಿ ಎಡೆಯಿಲ್ಲ. ಧರ್ಮಶಾಸ್ತ್ರದಲ್ಲಾದರೋ ದತ್ತಕನು ಪಿಂಡಕ್ಕೂ ಆಸ್ತಿಗೂ ಮಗನೇ. ಕಿತ್ತೂರನ್ನು ನುಂಗಿದ್ದು ಕಂದಾಯದ ಆಸೆಯೇ ಹೊರತು ಶಾಸ್ತ್ರಭೇದವಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ದತ್ತಕವೆಂದರೆ ಕೃತಕವೆಂದು ನಂಬಿ ಬೆಳೆದವರಿಗೆ ಆ ಆಸೆ ನ್ಯಾಯವೆಂದು ತೋರುವುದು ಸುಲಭವಾಗಿದ್ದಿರಬೇಕು.

ಜಾನ್ ಎಲ್ಫಿನ್‌ಸ್ಟನ್ 1837ರಿಂದ 1842ರವರೆಗೆ ಮದ್ರಾಸಿನ, 1853ರಿಂದ 1860ರವರೆಗೆ ಮುಂಬಯಿಯ ಗವರ್ನರನಾಗಿದ್ದನು. ಆತನನ್ನು ಮದ್ರಾಸಿಗೆ ಕಳಿಸಿದ್ದು ರಾಜಕುಮಾರಿ ವಿಕ್ಟೋರಿಯಾಳ ಒಲವಿನಿಂದ ದೂರವಿರಿಸಲು ಎಂಬ ವದಂತಿಗೆ ಇಲ್ಲಿ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ಪುಣೆಯ ಬಳಿ ಗವರ್ನರನಿಗಿದ್ದ ನಿವಾಸವು ದಾಪೋಡಿಯಲ್ಲಿತ್ತು. ಇಂದು ವಿಶ್ವವಿದ್ಯಾನಿಲಯದ ಮುಖ್ಯ ಕಟ್ಟಡವಾಗಿರುವ ಗಣೇಶಖಿಂಡದ ಬಂಗಲೆ ಅನಂತರದ್ದು. 1857ರ ದಂಗೆಯಲ್ಲಿ ಪ್ರಾಂತವನ್ನು ಕೈಬಿಡದೆ ಉಳಿಸಿಕೊಂಡನೆಂದು ಇಂಗ್ಲಿಷ್ ಇತಿಹಾಸಕಾರರು ಆತನನ್ನು ಹೊಗಳಿದ್ದಾರೆ. ಕನ್ನಡ ಸೀಮೆಯ ಅನುಭವ ಬೇರೆ. ನಿಶ್ಶಸ್ತ್ರೀಕರಣವನ್ನು ವಿರೋಧಿಸಿದ ಹಲಗಲಿಯ ಬೇಡರ ಮೇಲೆ 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಎರಗಿತು; ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಲಾವಣಿಗಳಲ್ಲಿ ಅದರ ನೆನಪಿದೆ. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ಗಂಡುಸಂತಾನವಿರಲಿಲ್ಲ. ದತ್ತಕಕ್ಕೆ ಅನುಮತಿಯೂ ದೊರೆಯಲಿಲ್ಲ. ಆ ನಿರಾಕರಣೆಯನ್ನು ಜಾನ್‌ನೊಬ್ಬನ ತಲೆಗೆ ಕಟ್ಟುವುದು ತರವಲ್ಲ, ಅದು ಡಾಲ್‌ಹೌಸಿಯ ಕಾಲದ ನೀತಿ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದನು. ಜೂನಿನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕೊಪ್ಪಳದಲ್ಲಿ ಮುಂಡರಗಿ ಭೀಮರಾಯನು ಮಡಿದುದೂ ಈ ದಿನಗಳಲ್ಲೇ.

ದಂಗೆ ಅಡಗಿಸಿದ ಸೇವೆಗೆಂದು ಜಾನ್‌ಗೆ 1859ರಲ್ಲಿ ಸಂಯುಕ್ತ ಸಂಸ್ಥಾನದ ಬ್ಯಾರನ್ ಎಂಬ ಹೊಸ ಪದವಿ ದೊರೆಯಿತು. ಆತನೂ ಚಿಕ್ಕಪ್ಪನಂತೆ ಅವಿವಾಹಿತ. ಚಿಕ್ಕಪ್ಪ 1859ರ ನವೆಂಬರಿನಲ್ಲಿ, ಮಗ 1860ರ ಜುಲೈ 19ರಂದು ಕಾಲವಾದರು. ಹೊಸ ಪದವಿ ಅಂದೇ ಲುಪ್ತವಾಯಿತು. ಹಳೆಯ ಸ್ಕಾಟಿಷ್ ಪದವಿಯು ಮತ್ತೊಬ್ಬ ಚಿಕ್ಕಪ್ಪನ ಮಗನಿಗೆ ಹೋಯಿತು. ಆತ ಮರುವರ್ಷವೇ ತೀರಿಕೊಂಡಾಗ 10ನೆಯ ಲಾರ್ಡನ ಸಂತತಿಯ ಇನ್ನೊಂದು ಕವಲಿನಿಂದ ದೂರದ ದಾಯಾದಿಯೊಬ್ಬನು ವಾರಸುದಾರನಾದನು. ಸತಾರಾ, ಝಾನ್ಸಿಗಳ ದತ್ತಕಗಳನ್ನು ತಳ್ಳಿಹಾಕಿದ ಡಾಲ್‌ಹೌಸಿಯೂ 1860ರ ಡಿಸೆಂಬರಿನಲ್ಲಿ ಗಂಡುಸಂತಾನವಿಲ್ಲದೆ ಸತ್ತು, ಆತನ ಮಾರ್ಕ್ವಿಸ್ ಪದವಿ ಅಳಿಯಿತು. 1862ರಲ್ಲಿ ದೇಶೀಯ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟ ಕ್ಯಾನಿಂಗನೂ ಅದೇ ವರ್ಷ ನಿಸ್ಸಂತಾನನಾಗಿ ತೀರಿಕೊಂಡನು. ಆ ಸನದುಗಳು ಬರುವ ವೇಳೆಗೆ ಕಿತ್ತೂರು ಮತ್ತು ನರಗುಂದಗಳು ಕಂಪನಿಯ ಜಿಲ್ಲೆಗಳಲ್ಲಿ ಕರಗಿಹೋಗಿದ್ದವು.