ಸೆಟ್ಲ್ ಆದ್ರಾ?

ಬೇರೆ ದೇಶಕ್ಕೆ ಬಂದು ತಿಂಗಳು ತುಂಬೋದಕ್ಕೆ ಮುಂಚೆಯೇ ಊರಿನಿಂದ ಬರೋ ಪ್ರತಿಯೊಂದು ಫೋನಿನಲ್ಲೂ ಒಂದು ಪ್ರಶ್ನೆ ಇದ್ದೇ ಇರುತ್ತೆ: 'ಏನಪ್ಪಾ, ಸೆಟ್ಲ್ ಆದ್ಯಾ?' ಈ ಮಾತನ್ನು ಇಂಗ್ಲಿಷಿನಿಂದ ಎತ್ತಿಕೊಂಡು ನಮ್ಮದೇ ಮಾಡಿಕೊಂಡುಬಿಟ್ಟಿದ್ದೇವೆ ನೋಡಿ. ಮದುವೆಗೂ ಅದೇ, ನೌಕರಿಗೂ ಅದೇ, ಅಮೆರಿಕಕ್ಕೂ ಅದೇ. ನಾನು ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಸೆಟ್ಲ್ ಆಗೋದು ಅಂದರೆ ನನ್ನ ಪಾಲಿಗೆ ಒಂದು ಪುಟ್ಟ ಪಟ್ಟಿ ಅಷ್ಟೇ. ಸೋಶಿಯಲ್ ಸೆಕ್ಯುರಿಟಿ ನಂಬರು, ಬ್ಯಾಂಕಿನಲ್ಲಿ ಖಾತೆ, ಡ್ರೈವಿಂಗ್ ಲೈಸೆನ್ಸು, ಅಪಾರ್ಟ್‌ಮೆಂಟಿನ ಲೀಸು, ಸೆಕೆಂಡ್ ಹ್ಯಾಂಡ್ ಕಾರು, ಸೋನಾ ಮಸೂರಿ ಅಕ್ಕಿ ಸಿಗೋ ಅಂಗಡಿ. ಮೂರು ತಿಂಗಳಲ್ಲಿ ಎಲ್ಲಾ ಆಗಿ, 'ಹೂಂ, ಸೆಟ್ಲ್ ಆದ್ವಿ' ಅಂತ ಊರಿಗೆ ವರದಿಯನ್ನೂ ಒಪ್ಪಿಸಿದ್ದಾಯ್ತು.

ಆಮೇಲೆ ಎಷ್ಟೋ ವರ್ಷ ಇದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಇದೇ ರಾಜ್ಯಕ್ಕೆ ನೂರು ವರ್ಷದ ಹಿಂದೆ ಬಂದ ಭಾರತೀಯರ ಬಗ್ಗೆ ಓದೋಕೆ ಶುರು ಮಾಡಿದ ಮೇಲೆ ನನ್ನ ಪಟ್ಟಿ ಬೇರೆ ಥರ ಕಾಣತೊಡಗಿತು. ಮನೆ, ಅಂಗಡಿ, ಪೌರತ್ವ ಹೀಗೆ ಒಂದೊಂದನ್ನೇ ಗಳಿಸಿ, ಒಂದೊಂದನ್ನೇ ಕಾನೂನಿಗೆ ವಾಪಸ್ ಕೊಟ್ಟವರು ಇಲ್ಲಿದ್ದರು.

ವೈಷ್ಣೋ ದಾಸ್ ಬಗಾಯ್ ಪೇಶಾವರದವರು. 1915ರ ಸೆಪ್ಟೆಂಬರಿನಲ್ಲಿ ಹೆಂಡತಿ ಕಲಾ ಮತ್ತು ಮೂರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜಲ್ ಐಲೆಂಡಿಗೆ ಬಂದಿಳಿದರು. ಆಗ ಈ ಕರಾವಳಿಗೆ ಬರ್ತಿದ್ದ ಭಾರತೀಯರಲ್ಲಿ ಹೆಚ್ಚಿನವರು ಪಂಜಾಬಿನ ರೈತರು, ಅದೂ ಒಂಟಿ ಗಂಡಸರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವರು ಬೆರಳೆಣಿಕೆಯಷ್ಟು. ಬಗಾಯ್ ಕೈಯಲ್ಲಿ 25 ಸಾವಿರ ಡಾಲರ್ ಬೆಲೆಯ ಚಿನ್ನ ಇತ್ತು, ಗದರ್ ಚಳವಳಿಗೆ ಸೇರಬೇಕು ಅನ್ನೋ ಆಸೆಯೂ ಇತ್ತು. ಕಲಾ ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಇಲ್ಲಿನ ಪತ್ರಿಕೆಯೊಂದು ಅವರ ಮೂಗಿನ ವಜ್ರದ ಬಗ್ಗೆಯೇ ಒಂದು ಸುದ್ದಿ ಬರೆಯಿತು, ಭಾರತದಿಂದ ಹೊಸಾ ಫ್ಯಾಷನ್ ಬಂದಿದೆ ಅಂತ! ನಮ್ಮ ಅಜ್ಜಿಯರ ಬೇಸರಿ ನೋಡಿದ್ದಿದ್ದರೆ ಆ ವರದಿಗಾರರಿಗೆ ಪುಟವೇ ಸಾಲ್ತಿರಲಿಲ್ಲವೇನೋ.

ಸ್ವಲ್ಪ ಕಾಲದಲ್ಲಿ ಅವರು ಬರ್ಕ್ಲಿಯಲ್ಲಿ ಒಂದು ಮನೆ ಕೊಂಡರು. ಸಾಮಾನೆಲ್ಲಾ ತುಂಬಿಕೊಂಡು ಹೊಸ ಮನೆಗೆ ಹೋದರೆ ಅಕ್ಕಪಕ್ಕದವರು ಬಾಗಿಲಿಗೆ ಬೀಗ ಜಡಿದುಬಿಟ್ಟಿದ್ದಾರೆ, ಒಳಗೆ ಬಿಡಲ್ಲ ಅಂತ. ದುಡ್ಡು ಕೊಟ್ಟು ಕೊಂಡ ಮನೆ! ನಾವಾದರೆ ಏನ್ ಮಾಡ್ತಿದ್ವಿ? ಪೊಲೀಸು, ಲಾಯರು ಅಂತ ಓಡ್ತಿದ್ವೇನೋ. ಕಲಾ ಗಂಡನಿಗೆ ಹೇಳಿದ್ದು, ಇಲ್ಲಿ ಇರೋದು ಬೇಡ, ನಾಳೆ ನನ್ನ ಮಕ್ಕಳಿಗೆ ಏನಾದರೂ ಮಾಡಿದರೆ ಅಂತ. ಸಾಮಾನು ಹೇಗೆ ಹೋಗಿತ್ತೋ ಹಾಗೇ ವಾಪಸ್ ಬಂತು. ದಶಕಗಳ ನಂತರ, ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ, ಅವರೇ ಈ ಪ್ರಸಂಗವನ್ನು ನೆನಪಿಸಿಕೊಂಡು ಹೇಳಿದ್ದಾರೆ.

ಬಗಾಯ್ ಸುಮ್ಮನೆ ಕೂರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಬಗಾಯ್ಸ್ ಬಜಾರ್' ಅಂತ ಅಂಗಡಿ ತೆಗೆದರು. ಸೂಟು ಬೂಟು, ಇಂಗ್ಲಿಷು, ಮಕ್ಕಳಿಗೆ ಇಲ್ಲಿನ ಶಾಲೆ. 1921ರಲ್ಲಿ ಅಮೆರಿಕದ ಪ್ರಜೆಯೂ ಆದರು. ನನ್ನ ಪಟ್ಟಿಯ ಲೆಕ್ಕದಲ್ಲಿ ನೋಡಿದರೆ ಪೂರ್ತಿ ಸೆಟ್ಲ್.

ಎರಡೇ ವರ್ಷ. 1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ತಿಂಡ್ ಮೊಕದ್ದಮೆಯ ತೀರ್ಪು ಕೊಟ್ಟಿತು. (ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಇವರು ಬೇರೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು.) 1790ರ ಕಾನೂನಿನ ಪ್ರಕಾರ ವಲಸೆ ಬಂದವರಲ್ಲಿ ಪ್ರಜೆಗಳಾಗಬಹುದಾದವರು 'ಬಿಳಿಯರು' ಮಾತ್ರ. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು, ಏಷ್ಯಾದವರನ್ನು ಬಿಟ್ಟರು. ಹಾಗಾದರೆ ಭಾರತೀಯರು ಯಾರು? ಜನಾಂಗಶಾಸ್ತ್ರದ ಪುಸ್ತಕಗಳ ಪ್ರಕಾರ ನಾವು ಕಕೇಶಿಯನ್ನರು, ಆದ್ದರಿಂದ ಬಿಳಿಯರೇ ಅನ್ನೋದು ತಿಂಡ್ ಪರದ ವಾದ. ಅಷ್ಟೇ ಆಗಿದ್ದರೆ ಸರಿ. ಮೇಲ್ಜಾತಿಯ ಹಿಂದೂ ತನ್ನ ದೇಶದ ಮೂಲನಿವಾಸಿಗಳನ್ನು ಕಾಣೋದೂ ಬಿಳಿಯ ಅಮೆರಿಕನ್ ಕರಿಯರನ್ನು ಕಾಣೋದೂ ಒಂದೇ ರೀತಿ ಅಂತಲೂ ಆ ಅರ್ಜಿಯಲ್ಲಿ ಬರೆದಿತ್ತು. ಓದುವಾಗ ನಾಚಿಕೆಯಾಗುತ್ತೆ. ಊರಿನ ಜಾತಿಯನ್ನು ಇಲ್ಲಿನ ಬಣ್ಣದ ಬಾಗಿಲಿಗೆ ಬೀಗದ ಕೈ ಮಾಡಿಕೊಳ್ಳೋ ಪ್ರಯತ್ನ ಅದು. ಬಾಗಿಲಂತೂ ತೆರೆಯಲಿಲ್ಲ. ನ್ಯಾಯಮೂರ್ತಿ ಸದರ್ಲ್ಯಾಂಡ್, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ಇವರು ಬಿಳಿಯರಲ್ಲ ಅಂತ ಬರೆದರು. ಅದಕ್ಕೆ ಮೂರು ತಿಂಗಳ ಹಿಂದೆ ಇದೇ ನ್ಯಾಯಮೂರ್ತಿ, ಜಪಾನಿನ ಒಜಾವಾ ಅನ್ನುವವರಿಗೆ, ಬಿಳಿಯರೆಂದರೆ ಕಕೇಶಿಯನ್ನರು, ನೀನು ಕಕೇಶಿಯನ್ ಅಲ್ಲ ಅಂತ ಬಾಗಿಲು ಹಾಕಿದ್ದರು!

ತೀರ್ಪಿನ ಮೇಲೆ, ಆಗಲೇ ಪ್ರಜೆಗಳಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಸರ್ಕಾರ ಕಿತ್ತುಕೊಂಡಿತು. ಅದರಲ್ಲಿ ಬಗಾಯ್ ಒಬ್ಬರು. ಆಸ್ತಿ ಹೋಯಿತು, ಅಂಗಡಿ ಮಾರಬೇಕಾಯಿತು. ಭಾರತಕ್ಕೆ ಹೋಗಿಬರೋಣ ಅಂದರೆ ಅಮೆರಿಕದ ಪಾಸ್‌ಪೋರ್ಟ್ ಇಲ್ಲ, ಬೇಕಾದರೆ ಬ್ರಿಟಿಷ್ ಪಾಸ್‌ಪೋರ್ಟ್ ತಗೋ ಅಂದರು. ಬ್ರಿಟಿಷರಿಗೆ ವಿರುದ್ಧವಾಗಿ ನಿಂತು ದೇಶ ಬಿಟ್ಟ ಮನುಷ್ಯ ಅದನ್ನು ಹೇಗೆ ತಗೋತಾರೆ? 1928ರಲ್ಲಿ ಸ್ಯಾನ್ ಹೋಸೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಅಲ್ಲೇ ಪ್ರಾಣ ಕಳೆದುಕೊಂಡರು. ಮನೆಯವರಿಗೆ ಬೇರೆ ಕಾಗದ, ಲೋಕಕ್ಕೆ ಬೇರೆ ಕಾಗದ ಬರೆದಿಟ್ಟಿದ್ದರು. ಲೋಕಕ್ಕೆ ಬರೆದದ್ದು ಪತ್ರಿಕೆಯಲ್ಲಿ ಅಚ್ಚಾಯಿತು. ಇಂದು ಅದೇ ಊರಿನ ಸುತ್ತಮುತ್ತ ಎಷ್ಟು ಸಾವಿರ ಕನ್ನಡಿಗರಿದ್ದೇವೆ ಅಂತ ನಿಮಗೇ ಗೊತ್ತು.

ಇದು ಪಟ್ಟಣದ, ದುಡ್ಡಿದ್ದವರ ಕತೆ. ದುಡ್ಡಿಲ್ಲದೆ ಬಂದ ಪಂಜಾಬಿ ರೈತರದ್ದು ಇನ್ನೊಂದು ಥರ. ಯೂಬಾ ಸಿಟಿ ಸುತ್ತ ಹಣ್ಣಿನ ತೋಟಗಳಲ್ಲಿ, ದಕ್ಷಿಣದಲ್ಲಿ ಮೆಕ್ಸಿಕೊ ಗಡಿಗೆ ಅಂಟಿಕೊಂಡ ಇಂಪೀರಿಯಲ್ ಕಣಿವೆಯ ಹತ್ತಿ ಹೊಲಗಳಲ್ಲಿ ಅವರು ನೆಲೆ ನಿಂತರು. 1912ರಲ್ಲಿ ಸ್ಟಾಕ್ಟನ್‌ನಲ್ಲಿ ಗುರುದ್ವಾರ ಕಟ್ಟಿಕೊಂಡರು. ಮರುವರ್ಷವೇ, ಪ್ರಜೆಗಳಾಗಲು ಅರ್ಹತೆ ಇಲ್ಲದವರು ವ್ಯವಸಾಯದ ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆ ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ ಅಂತ ರಾಜ್ಯದ ಕಾನೂನು ಬಂತು. 1920ರಲ್ಲಿ ಆ ಮೂರು ವರ್ಷವನ್ನೂ ತೆಗೆದರು. ಜಪಾನಿಯರ ಮೇಲೆ ಕಣ್ಣಿಟ್ಟು ಮಾಡಿದ ಕಾನೂನು, ತಿಂಡ್ ತೀರ್ಪು ಬಂದ ಮೇಲೆ ಇವರಿಗೂ ಸುತ್ತಿಕೊಂಡಿತು. 1917ರಿಂದಾಚೆಗೆ ಊರಿಂದ ಯಾರೂ ಬರುವ ಹಾಗಿರಲಿಲ್ಲ, ಇವರು ಒಮ್ಮೆ ಹೋದರೆ ತಿರುಗಿ ಬರೋದು ಕಷ್ಟ.

ಹಾಗಾಗಿ ಮದುವೆ ಅಂದರೆ ಇಲ್ಲೇ ಆಗಬೇಕು. ಬೇರೆ ಬಣ್ಣದವರನ್ನು ಮದುವೆಯಾಗೋದಕ್ಕೆ ಕ್ಯಾಲಿಫೋರ್ನಿಯಾದಲ್ಲಿ 1948ರವರೆಗೂ ಅಡ್ಡಿಯಿತ್ತು. ಆದರೆ ಕೌಂಟಿ ಕಚೇರಿಯ ಗುಮಾಸ್ತ ಒಬ್ಬ ಪಂಜಾಬಿ ಗಂಡನ್ನೂ ಮೆಕ್ಸಿಕನ್ ಹೆಣ್ಣನ್ನೂ ನೋಡಿ, ಇಬ್ಬರ ಮುಂದೆಯೂ 'ಕಂದು' ಅಂತ ಬರೆದು ಲೈಸೆನ್ಸ್ ಕೊಟ್ಟುಬಿಡ್ತಿದ್ದ. ಹೀಗೆ ನೂರಾರು ಸಂಸಾರಗಳಾದವು. ಕರೆನ್ ಲಿಯೊನಾರ್ಡ್ ಅನ್ನುವ ಪ್ರಾಧ್ಯಾಪಕಿ ಇವರ ಬಗ್ಗೆ 1992ರಲ್ಲಿ 'ಮೇಕಿಂಗ್ ಎಥ್ನಿಕ್ ಚಾಯ್ಸಸ್' ಅಂತ ಒಳ್ಳೇ ಪುಸ್ತಕ ಬರೆದಿದ್ದಾರೆ, ಸಿಕ್ಕರೆ ಓದಿ.

ಈ ಗಂಡಸರು ಜಮೀನಿಗಾಗಿ ಮದುವೆಯಾದರು ಅಂತ ಹೇಳೋರಿದ್ದಾರೆ. ಲೆಕ್ಕ ಕೂಡಲ್ಲ. 1922ರ ಕಾನೂನಿನಲ್ಲಿ, ಪ್ರಜೆಯಾಗಲು ಅರ್ಹನಲ್ಲದವನನ್ನು ಕಟ್ಟಿಕೊಂಡ ಹೆಣ್ಣು ತನ್ನ ಪೌರತ್ವವನ್ನೂ ಕಳೆದುಕೊಳ್ತಿದ್ದಳು, 1931ರವರೆಗೆ. ಜಮೀನಿನ ಕಾಗದ ಇರ್ತಿದ್ದದ್ದು ನಂಬಿಕಸ್ಥ ಬಿಳಿಯ ರೈತನ ಹೆಸರಲ್ಲೋ, ಲಾಯರ ಹೆಸರಲ್ಲೋ, ಇಲ್ಲೇ ಹುಟ್ಟಿದ ತಮ್ಮ ಮಕ್ಕಳ ಹೆಸರಲ್ಲೋ. ಹೆಂಡತಿ ಬೇಕಾಗಿದ್ದು ಮನೆಗೆ, ಜೊತೆಗೆ.

ಆ ಮನೆಗಳನ್ನು ಯೋಚನೆ ಮಾಡಿ. ಗಂಡ ಹೆಂಡತಿ ಮಾತಾಡೋದು ಗಂಡ ಹೊಲದಲ್ಲಿ ಕಲಿತ ಸ್ಪ್ಯಾನಿಷಿನಲ್ಲಿ. ಮಗುವಿನ ಮೊದಲ ಹೆಸರು ಹೋಸೆ ಅಥವಾ ಮರಿಯಾ, ಕೊನೆಯ ಹೆಸರು ಸಿಂಗ್ ಅಥವಾ ಖಾನ್. ಚರ್ಚಿನಲ್ಲಿ ಜ್ಞಾನಸ್ನಾನ, ಗಾಡ್‌ಫಾದರ್ ಆಗಿ ನಿಲ್ಲೋದು ಅಪ್ಪನ ಗೆಳೆಯ ಇನ್ನೊಬ್ಬ ಪಂಜಾಬಿ. ಚಪಾತಿ, ಕೋಳಿ ಸಾರು ಮಾಡೋದನ್ನು ಆ ಹೆಣ್ಣುಮಕ್ಕಳು ಕಲಿತದ್ದು ಅತ್ತೆಯಿಂದಲ್ಲ, ಗಂಡನಿಂದ ಮತ್ತು ಅವನ ಜೊತೆಗಾರರಿಂದ. ಅಷ್ಟು ವರ್ಷ ತಾವೇ ಬೇಯಿಸಿಕೊಂಡಿದ್ದವರು ತಾನೇ. ಟೋರ್ತಿಯಾ ತಟ್ಟಿ ಅಭ್ಯಾಸ ಇದ್ದ ಕೈಗೆ ಚಪಾತಿ ಏನು ಮಹಾ! ಮಕ್ಕಳಿಗೆ ಪಂಜಾಬಿ ಬರಲಿಲ್ಲ. ಊರವರು ಆ ಮಕ್ಕಳನ್ನು 'ಮೆಕ್ಸಿಕನ್ ಹಿಂದೂ' ಅಂತ ಕರೆದರು, ಅಪ್ಪ ಸಿಖ್ಖನೋ ಮುಸಲ್ಮಾನನೋ ಯಾರಿಗೂ ಬೇಕಿರಲಿಲ್ಲ.

1946ರ ಜುಲೈಯಲ್ಲಿ ಲೂಸ್-ಸೆಲ್ಲರ್ ಕಾಯಿದೆ ಬಂದು ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು, ವರ್ಷಕ್ಕೆ ಬರೀ 100 ಜನ ಬರಬಹುದು ಅನ್ನೋ ಕೋಟಾ ಜೊತೆಗೆ. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿಯೂ ಇಂಪೀರಿಯಲ್ ಕಣಿವೆಯಲ್ಲಿ ಲೆಟ್ಯೂಸ್ ಬೆಳೆದುಕೊಂಡಿದ್ದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪ್ರಜೆಯಾದರು, 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೇ ಆರಿಸಿಬಂದರು. ಈ ಕತೆಯನ್ನು ಎಲ್ಲರೂ ಹೇಳ್ತಾರೆ, ಅದಕ್ಕೇ ನಾನು ಬೆಳೆಸಲ್ಲ. ಕಲಾ ಬಗಾಯ್ ಮೂರೂ ಮಕ್ಕಳನ್ನು ಕಾಲೇಜು ಓದಿಸಿದರು, ಗಂಡನ ಗೆಳೆಯರಾಗಿದ್ದ ಮಹೇಶ್ ಚಂದ್ರ ಅವರನ್ನು ಮದುವೆಯಾದರು, ಕೊನೆಗೂ ಪೌರತ್ವ ಪಡೆದರು. ಲಾಸ್ ಏಂಜಲಿಸ್ ಕಡೆ ಹೊಸದಾಗಿ ಬಂದವರಿಗೆ ಅವರು 'ಮದರ್ ಇಂಡಿಯಾ'. 1983ರಲ್ಲಿ ತೀರಿಕೊಂಡರು. 2020ರಲ್ಲಿ ಬರ್ಕ್ಲಿ ನಗರಸಭೆ ಪೇಟೆ ಮಧ್ಯದ ಒಂದು ರಸ್ತೆಗೆ 'ಕಲಾ ಬಗಾಯ್ ವೇ' ಅಂತ ಹೆಸರಿಡಲು ತೀರ್ಮಾನಿಸಿತು. ಡೌನ್‌ಟೌನ್ ಬರ್ಕ್ಲಿಯಲ್ಲಿ ಬಾರ್ಟ್ ರೈಲು ಇಳಿದು ಮೇಲೆ ಬಂದರೆ ಹತ್ತಿರವೇ.

1965ರ ಕಾನೂನು ಬಂದ ಮೇಲೆ ಬಂದವರು ನಾವು: ಎಂಜಿನಿಯರು, ಡಾಕ್ಟರು, ಆಮೇಲೆ ಸಾಫ್ಟ್‌ವೇರಿನವರು. ಯೂಬಾ ಸಿಟಿಗೂ ಆಗ ಪಂಜಾಬಿನಿಂದ ಹೊಸ ಸಂಸಾರಗಳು ಬಂದವು. ಬಂದವರಿಗೆ, ಗುರುದ್ವಾರಕ್ಕೆ ಬರೋ ಸ್ಪ್ಯಾನಿಷ್ ಮಾತಾಡೋ ಸಿಂಗರನ್ನು ನಮ್ಮವರು ಅಂತ ಒಪ್ಪೋದು ಕಷ್ಟವಾಯಿತು. ನಲವತ್ತು ವರ್ಷ ಅಲ್ಲೇ ಬಾಳಿದವರು ತಮ್ಮದೇ ಊರಲ್ಲಿ ಹೊರಗಿನವರಾದರು. ಆ ಊರಲ್ಲಿ 'ಎಲ್ ರಾಂಚೆರೊ' ಅಂತ ಒಂದು ಹೋಟೆಲಿತ್ತು, ಇಂಥದ್ದೇ ಒಂದು ಸಂಸಾರ 1954ರಲ್ಲಿ ಶುರು ಮಾಡಿದ್ದು. ಅಲ್ಲಿನ ಹೆಸರುವಾಸಿ ತಿಂಡಿ ರೊಟ್ಟಿ ಕೆಸಡಿಯಾ. ಟೋರ್ತಿಯಾ ಬದಲು ರೊಟ್ಟಿ, ಒಳಗೆ ಚೀಸು, ಈರುಳ್ಳಿ. 1993ರಲ್ಲಿ ಅದು ಮುಚ್ಚಿತು. ಈಗ ಪ್ರತಿ ನವೆಂಬರಿನ ಮೊದಲ ಭಾನುವಾರ ಯೂಬಾ ಸಿಟಿಯಲ್ಲಿ ದೊಡ್ಡ ಸಿಖ್ ಮೆರವಣಿಗೆ ನಡೆಯುತ್ತೆ, ದಾರಿಯುದ್ದಕ್ಕೂ ಬಂದವರಿಗೆಲ್ಲಾ ಊಟ ಬಡಿಸ್ತಾರೆ. ನಾನು ಹೋದ ವರ್ಷ ಪಕೋಡ, ಜಿಲೇಬಿ, ಛೋಲೆ ಎಲ್ಲಾ ಇತ್ತು. ರೊಟ್ಟಿ ಕೆಸಡಿಯಾ ಎಲ್ಲೂ ಕಾಣಲಿಲ್ಲ.